ಒಂದೇ ಬಣ್ಣವನ್ನು ಕೇಳಿದವಳು

ಕಣ್ಣಿಗೆ ಕಂಡದ್ದೆಲ್ಲ ನಿಜವಲ್ಲ ಎಂದು ಲೋಕವೆಲ್ಲ ಹೇಳುತ್ತದೆ. ಆ ಮಾತಿಗೆ ಸಂಬಳ ತೆಗೆದುಕೊಂಡವಳು ಮಾತ್ರ ಇವಳೊಬ್ಬಳೇ ಇರಬೇಕು. ಮರದ ತಿರುಳನ್ನು ಕರಗಿಸಿ ನೂಲು ತೆಗೆಯುವ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಬಣ್ಣದ ಮೇಡಂ ಎಂದು ಎಲ್ಲರೂ ಕರೆಯುತ್ತಿದ್ದರು. ಮುಖಕ್ಕೆ ಪೌಡರ್ ಕೂಡ ಹಚ್ಚಿಕೊಳ್ಳದ ಹೆಂಗಸಿಗೆ ಇದೆಂಥ ಹೆಸರಪ್ಪ ಎಂದು ಹೊಸಬರು ಕಕ್ಕಾಬಿಕ್ಕಿಯಾಗುತ್ತಿದ್ದರು. ಯಾವ ದ್ರವವನ್ನು ಎದುರಿಗಿಟ್ಟರೂ ಅದರೊಳಗೆ ಚಿಟಿಕೆಗಿಂತ ಕಡಿಮೆ ಬಣ್ಣ ಹಾಕಿ, ಆ ಬಣ್ಣ ಏನು ಹೇಳುತ್ತದೆ ಎಂದು ನೋಡುವ ತನಕ ಅವಳು ಬಾಯಿ ಬಿಡುತ್ತಿರಲಿಲ್ಲ. ಹೆಸರು ಬಂದದ್ದು ಹಾಗೆ.

ಅವಳು ಬದುಕು ಸವೆಸಿದ್ದು ಒಂದು ಉಪ್ಪಿನ ಜೊತೆ. ಉಪ್ಪೆಂದರೆ ಡಬ್ಬಿಯಲ್ಲಿ ಹರಳು ಹರಳಾಗಿ ಕೂತಿರಬೇಕು ತಾನೇ? ಇದು ಹರಿಯುವ ಉಪ್ಪು. ಓದಿದವರು ಇದನ್ನು ಅಯಾನಿಕ ದ್ರವ ಎನ್ನುತ್ತಾರೆ. ಕಾರ್ಖಾನೆಯವರ ಬಾಯಲ್ಲಿ ಮಾತ್ರ ಅದು ‘ಜೇನು’, ಅಷ್ಟು ಮಂದ, ಹೆಚ್ಚುಕಡಿಮೆ ಅದೇ ಬಣ್ಣ. ಅಡುಗೆಯ ಉಪ್ಪಿನಲ್ಲಿ ಪ್ಲಸ್ ಕಣ, ಮೈನಸ್ ಕಣ ಎರಡೂ ಚಿಕ್ಕವು, ದುಂಡಗಿನವು. ಇಟ್ಟಿಗೆ ಜೋಡಿಸಿದ ಹಾಗೆ ಸಾಲಾಗಿ ಕೂತು ಗಟ್ಟಿಯಾಗಿಬಿಡುತ್ತವೆ. ಈ ಜೇನಿನ ಪ್ಲಸ್ ಕಣವೋ ಅಂಕುಡೊಂಕು ಮೈಯದು, ಹಿಂದೆ ಎಣ್ಣೆಯಂಥ ಬಾಲ ಬೇರೆ. ಸಾಲಾಗಿ ಕೂರು ಎಂದರೆ ಕೂರುವ ಜಾತಿಯೇ ಅಲ್ಲ. ಕೂರಲಾರದ್ದಕ್ಕೆ ಹರಿಯುತ್ತದೆ.

ತಿರುಳನ್ನು ಈ ಜೇನಿನಲ್ಲಿ ಕರಗಿಸಿ, ಸಣ್ಣ ಸಣ್ಣ ತೂತುಗಳಿಂದ ನೀರಿನ ತೊಟ್ಟಿಗೆ ಒತ್ತಿದರೆ ಜೇನು ನೀರಿಗೆ ಹೋಗುತ್ತದೆ, ನೂಲು ಉಳಿಯುತ್ತದೆ. ಆಮೇಲೆ ನೀರನ್ನು ಹಬೆಯಾಡಿಸಿ ಜೇನನ್ನು ವಾಪಸ್ ಪಡೆಯಬೇಕು. ಅದರಲ್ಲಿರುವ ಕೊನೆಯ ನೀರನ್ನು ತೆಗೆಯುವುದೆಂದರೆ ಜಿಪುಣನ ಕೈಯಿಂದ ಕಾಸು ಬಿಡಿಸಿದ ಹಾಗೆ, ಎಷ್ಟು ಕಾಸಿದರೂ ಬಿಡದು. ಸ್ವಲ್ಪ ನೀರು ಉಳಿದರೆ ನಡೆಯುತ್ತದೆಯೇ, ನಡೆಯುವುದಿಲ್ಲವೇ? ಅದನ್ನು ಹೇಳಬೇಕಾದವಳು ಬಣ್ಣದ ಮೇಡಂ.

ಬಾಟಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರೆ ಕೇಳುವ ಪ್ರಶ್ನೆಯೇ ಇಲ್ಲ. ನೀರು ಬೆರೆಸಿದ ಜೇನು ಗಾಜಿನಷ್ಟೇ ತಿಳಿ. ಊಟದ ಕೋಣೆಯಲ್ಲಿ ನೂಲಿನ ವಿಭಾಗದ ಮುಖ್ಯಸ್ಥ ಅವಳನ್ನು ಕೆಣಕುತ್ತಿದ್ದ. ಹಿಂದೆ ಶಾಲೆಯಲ್ಲಿ ಪಾಠ ಹೇಳಿದವನಾದ್ದರಿಂದ ಅವನನ್ನು ನೂಲಿನ ಮೇಷ್ಟ್ರು ಎನ್ನುತ್ತಿದ್ದರು.

“ಮೇಡಂ, ಕಣ್ಣಿಗೆ ಕಾಣ್ತಿದೆಯಲ್ಲ, ಹಾಲು ನೀರಿನ ಹಾಗೆ ಬೆರೆತುಬಿಟ್ಟಿದೆ. ಇನ್ನೂ ಏನು ನೋಡೋದು?”

“ಬೆಳ್ಳಗಿರೋದೆಲ್ಲ ಹಾಲಲ್ಲ ಮೇಷ್ಟ್ರೇ. ತಿಳಿಯಾಗಿರೋದೆಲ್ಲ ಬೆರೆತಿರೋದೂ ಅಲ್ಲ,” ಎಂದು ಅವಳು ಶುರುಮಾಡಿದರೆ ಚಹಾ ಆರಿಹೋಗುವ ತನಕ ನಿಲ್ಲಿಸುತ್ತಿರಲಿಲ್ಲ. “ಒಳಗಡೆ ಏನು ನಡೀತಿದೆ ಗೊತ್ತಾ? ಬಾಲ ಇರೋ ಕಡೆಯೆಲ್ಲ ಬಾಲಗಳೇ ಒಂದಕ್ಕೊಂದು ಅಂಟಿಕೊಂಡು ಗುಂಪು ಕಟ್ಟಿರುತ್ತವೆ. ಪ್ಲಸ್ಸು ಮೈನಸ್ಸು ಇನ್ನೊಂದು ಕಡೆ ಕೈಕೈ ಹಿಡ್ಕೊಂಡಿರುತ್ತವೆ. ಎರಡು ಹನಿ ನೀರು ಹಾಕಿದ್ರೆ ಆ ನೀರಿನ ಒಂದೊಂದು ಕಣಾನೂ ಒಂದೊಂದು ಮೈನಸ್ಸಿಗೆ ಜೋತುಬೀಳುತ್ತೆ. ಪಕ್ಕದ ನೀರು ಯಾರು ಅಂತ ಅದಕ್ಕೆ ಗೊತ್ತೇ ಇರಲ್ಲ. ಇನ್ನಷ್ಟು ಹಾಕಿ, ಆಗ ನೀರು ನೀರನ್ನ ಹುಡುಕ್ಕೊಂಡು ಹೋಗಿ ಸಣ್ಣ ಸಣ್ಣ ಹೊಂಡ ಮಾಡ್ಕೊಳ್ಳುತ್ತೆ. ತುಂಬಾ ಹಾಕಿದ್ರೆ ಹೊಂಡ ಎಲ್ಲ ಸೇರಿ ಕೆರೆ, ಜೇನೇ ನಡುಗಡ್ಡೆ. ಇಷ್ಟೆಲ್ಲ ಆಗ್ತಿದ್ರೂ ಹೊರಗಿನಿಂದ ನೋಡಿದ್ರೆ ಮೊದಲಿಂದ ಕೊನೇ ತನಕ ಗಾಜಿನ ಹಾಗೇ ಇರುತ್ತೆ.”

“ಅಂದ್ರೆ ತುಂಬಿದ ಬಸ್ಸಿನ ಹಾಗೆ ಅನ್ನಿ. ಎಲ್ಲರೂ ಒಂದೇ ಬಸ್ಸಲ್ಲಿದ್ರೂ ನೆಂಟರು ನೆಂಟರ ಪಕ್ಕದಲ್ಲೇ ಸೀಟು ಹುಡುಕ್ತಾರೆ.”

“ಅಷ್ಟೇ. ನೀವು ಮದ್ಯಸಾರ ಹಾಕಿದ್ರೂ ಕಥೆ ಬೇರೆ ಏನಲ್ಲ. ಅದರ ತಲೆ ಮೈನಸ್ಸಿನ ಹತ್ರ, ಬಾಲ ಬಾಲದ ಹತ್ರ. ಎರಡು ಮನೇಲೂ ಊಟ ಮಾಡೋ ಜಾತಿ ಅದು.”

ಇಷ್ಟು ತಿಳಿದವಳು. ಇದನ್ನೇ ಉಸಿರಾಡಿದವಳು. ದೀಪದ ಬುಡದಲ್ಲೇ ಕತ್ತಲೆ ಅನ್ನುವ ಗಾದೆಯನ್ನು ಹಿರಿಯರು ಸುಮ್ಮನೆ ಮಾಡಿಲ್ಲ.

ಅವಳ ಮದುವೆಯ ಕಥೆ ಹೇಳಬೇಕು. ಮದುವೆ ಯಾವಾಗ ಎಂದು ಕೇಳಿ ಕೇಳಿ ಜನಕ್ಕೇ ಬೇಸರ ಬಂದು ಬಿಟ್ಟುಬಿಟ್ಟ ವಯಸ್ಸಿನಲ್ಲಿ ಅವಳ ಕನ್ನಡಕದ ಕಾಲು ಮುರಿಯಿತು. ಕಾರ್ಖಾನೆಯ ಹಿಂದಿನ ಬೀದಿಯಲ್ಲಿ, ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ, ಒಬ್ಬನ ಕನ್ನಡಕದ ಅಂಗಡಿ ಇತ್ತು. ಅವನು ಮಾತು ಕಡಿಮೆಯ ಮನುಷ್ಯ. ಸೂಜಿಯಂಥ ತಿರುಪುಳಿ ಹಿಡಿದು ಕನ್ನಡಕದ ಕಾಲು ಕೂರಿಸುವಾಗ ಉಸಿರನ್ನೂ ಬಿಗಿಹಿಡಿಯುತ್ತಿದ್ದ. ಅಂಗಡಿಯ ಮೂಲೆಯಲ್ಲಿ, ಕಣ್ಣು ಪರೀಕ್ಷೆಯ ಅಕ್ಷರದ ಹಲಗೆಯ ಕೆಳಗೆ, ಮುಂದಿನ ಹಲ್ಲು ಬಿದ್ದ ಒಬ್ಬಳು ಹುಡುಗಿ ಸ್ಟೂಲಿನ ಮೇಲೆ ಕೂತು ಲೆಕ್ಕ ಮಾಡುತ್ತಿದ್ದಳು. ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಶಾಲೆ ಬಿಟ್ಟ ಮೇಲೆ ಅಂಗಡಿಯೇ ಅವಳ ಮನೆ.

ಕನ್ನಡಕದ ಕಾಲು ಸರಿಯಾಯಿತು. ಆಮೇಲೆ ಸರಿಯಿದ್ದ ಕಾಲನ್ನೂ ಬಣ್ಣದ ಮೇಡಂ ಸಡಿಲ ಮಾಡಿಕೊಂಡು ಹೋಗುತ್ತಿದ್ದಳು ಎಂದು ನೂಲಿನ ಮೇಷ್ಟ್ರು ಹಬ್ಬಿಸಿದ. ಸುಳ್ಳಿರಲಾರದು. ಮದುವೆ ಆಯಿತು, ಗದ್ದಲವಿಲ್ಲದೆ, ಬೇಕಾದವರನ್ನಷ್ಟೇ ಕರೆದು. ಗಂಡನನ್ನು ಅವಳು ಮೆಚ್ಚಿ ಮದುವೆಯಾಗಿದ್ದಳು, ಆ ವಿಷಯದಲ್ಲಿ ಅವಳಿಗೆ ಯಾವ ಅಳುಕೂ ಇರಲಿಲ್ಲ. ಅಳುಕಿದ್ದದ್ದು ಹುಡುಗಿಯ ವಿಷಯದಲ್ಲಿ. ಆ ಹುಡುಗಿ ತನ್ನ ಮಗಳಾಗಬೇಕು. ಬದುಕಿನಲ್ಲಿ ಅವಳು ಇಷ್ಟು ಆಸೆಯಿಂದ ಇನ್ನೇನನ್ನೂ ಬಯಸಿದ್ದಿಲ್ಲ.

ಹುಡುಗಿ ಅವಳನ್ನು ಚಿಕ್ಕಮ್ಮ ಎಂದು ಕರೆದಳು. ಯಾರೂ ಹೇಳಿಕೊಡದೆ ತಾನೇ ಕರೆದಳಲ್ಲ ಎಂದು ಇವಳಿಗೆ ಖುಷಿಯೋ ಖುಷಿ. ಆದರೆ ಕೆಳಗಿನ ಮನೆಯ ಹೆಂಗಸು ಮೆಟ್ಟಿಲ ಬಳಿ ಪಿಸುಗುಟ್ಟಿದ ‘ಮಲತಾಯಿ’ ಅನ್ನುವ ಶಬ್ದ ಅದೇ ವಾರ ಕಿವಿಗೆ ಬಿತ್ತು. ಅಷ್ಟು ಸಾಕಾಯಿತು. ಚೇಳು ಕಡಿಸಿಕೊಂಡವಳ ಹಾಗೆ ಆಗಿಹೋದಳು. ಆವತ್ತೇ ತನಗೆ ತಾನೇ ಒಂದು ಕಟ್ಟಳೆ ಹಾಕಿಕೊಂಡಳು: ಈ ಮಗುವಿಗೆ ಎತ್ತರದ ದನಿಯಲ್ಲಿ ಒಂದು ಮಾತೂ ಆಡುವುದಿಲ್ಲ. ಒತ್ತಾಯ ಮಾಡುವುದಿಲ್ಲ. ಮನಸ್ಸಿನೊಳಗೆ ಕೈಹಾಕಿ ಕೆದಕುವುದಿಲ್ಲ. ಅವಳು ಹೇಗಿದ್ದಾಳೆ, ಏನು ಬೇಕು, ಏನು ಬೇಡ ಎಲ್ಲವನ್ನೂ ಅವಳ ಅಪ್ಪನನ್ನೇ ಕೇಳುವುದು. ಹೆತ್ತವನಿಗಿಂತ ಚೆನ್ನಾಗಿ ಯಾರಿಗೆ ತಿಳಿದೀತು?

ಹಾಗೇ ನಡೆಯಿತು. ಸಂಜೆ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತ ಅವಳು ಕೇಳುತ್ತಿದ್ದಳು. “ರೀ, ಹುಡುಗಿ ಹೇಗಿದ್ದಾಳೆ?”

“ಚೆನ್ನಾಗಿದ್ದಾಳೆ.”

“ನನ್ನ ಮೇಲೆ ಏನಾದ್ರೂ ಬೇಜಾರು ಇದೆಯಾ?”

“ಇಲ್ವೇ. ನಿನ್ನ ಮೇಲೆ ಯಾಕೆ ಬೇಜಾರು? ನಗ್ತಾನೇ ಇರ್ತಾಳೆ.”

ಅವನು ಸುಳ್ಳು ಹೇಳಲಿಲ್ಲ ಪಾಪ. ಅವನ ಮುಂದೆ ಹುಡುಗಿ ನಗುತ್ತಲೇ ಇದ್ದಳು. ಅಪ್ಪನ ಭುಜಕ್ಕೆ ಜೋತುಬಿದ್ದು, ಅವನ ಕನ್ನಡಕ ಕಿತ್ತು ತಾನು ಹಾಕಿಕೊಂಡು, ಅವನ ನಡಿಗೆಯನ್ನು ಅಣಕಿಸಿ ನಗಿಸುತ್ತಿದ್ದಳು. ಇವಳು ಕೋಣೆಗೆ ಬಂದರೆ ನಗು ನಿಲ್ಲುತ್ತಿರಲಿಲ್ಲ, ಸ್ವಲ್ಪ ಸಭ್ಯವಾಗುತ್ತಿತ್ತು. ಇವಳು ಅದನ್ನು ಒಳ್ಳೆಯ ನಡತೆ ಎಂದುಕೊಂಡಳು.

ಹುಡುಗಿ ಸ್ವಲ್ಪ ದೊಡ್ಡವಳಾದ ಮೇಲೆ ಒಮ್ಮೆ ಶಾಲೆಗೆ ಹೋಗದೆ ದಿನವೆಲ್ಲ ಈಜುಕೊಳದ ಮೆಟ್ಟಿಲ ಮೇಲೆ ಕೂತಿದ್ದಳು. ಸುದ್ದಿ ಶಾಲೆಯಿಂದ ಮನೆಗೆ ಬಂತು. ಬಾಗಿಲು ತೆರೆದವಳು ಬಣ್ಣದ ಮೇಡಂ. ಹುಡುಗಿ ಚೀಲವನ್ನು ಎದೆಗೆ ಒತ್ತಿಕೊಂಡು ಹೊಸ್ತಿಲಲ್ಲೇ ನಿಂತಳು, ಬೀಳಬೇಕಾದ್ದು ಬೀಳಲಿ ಅನ್ನುವ ಹಾಗೆ. ಇವಳು ಮಧ್ಯಾಹ್ನದಿಂದ ಜೀವ ಕೈಯಲ್ಲಿ ಹಿಡಿದು ಕೂತಿದ್ದಳು. ‘ಎಲ್ಲಿ ಹಾಳಾಗಿ ಹೋಗಿದ್ದೆ, ಏನಾದ್ರೂ ಆಗಿದ್ರೆ ನನ್ನ ಗತಿ ಏನಾಗ್ತಿತ್ತು’ ಅನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ನುಂಗಿದಳು.

“ಕೈಕಾಲು ತೊಳ್ಕೊಂಡು ಬಾ. ಊಟ ಆರಿಹೋಗುತ್ತೆ,” ಎಂದಳು.

ಹುಡುಗಿ ಬಹಳ ಹೊತ್ತು ಅವಳ ಮುಖವನ್ನೇ ನೋಡಿದಳು. ಆಮೇಲೆ ತಲೆ ತಗ್ಗಿಸಿ ಒಳಗೆ ಹೋದಳು. ಅದನ್ನು ಕೃತಜ್ಞತೆ ಎಂದು ಇವಳು ಓದಿಕೊಂಡಳು. ಅಪ್ಪ ಬಂದು ಮಗಳಿಗೆ ಎರಡು ಮಾತು ಗದರಿದ, ಮಗಳು ಅತ್ತಳು, ಅಪ್ಪನ ತೊಡೆಯ ಮೇಲೇ ತಲೆಯಿಟ್ಟು ನಿದ್ದೆಹೋದಳು. ಇವಳು ಹೊದಿಕೆ ತಂದು ಹೊದಿಸಿ, ಹೆಜ್ಜೆ ಸಪ್ಪಳವಾಗದಂತೆ ಅಡುಗೆಮನೆಗೆ ಹೋದಳು. ಒಳ್ಳೆಯ ಕೆಲಸ ಮಾಡಿದೆ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು.

ಕಾರ್ಖಾನೆಯಲ್ಲೂ ಅದೇ ವರ್ಷಗಳಲ್ಲಿ ಅವಳ ಹೆಸರು ಮೇಲೇರುತ್ತಿತ್ತು. ಜೇನಿನೊಳಗೆ ನೀರು ಏನು ಮಾಡುತ್ತದೆ ಎಂದು ತಿಳಿಯಲು ಅವಳು ನೆಚ್ಚಿಕೊಂಡದ್ದು ಒಂದು ಕೆಂಪು ಬಣ್ಣವನ್ನು. ಅದು ಇರುವ ಜಾಗಕ್ಕೆ ತಕ್ಕಂತೆ ಬಣ್ಣ ಬದಲಿಸುವ ವಸ್ತು. ಎಣ್ಣೆಯ ನೆರೆಯಲ್ಲಿ ಒಂದು ಬಣ್ಣ, ನೀರಿನ ನೆರೆಯಲ್ಲಿ ಇನ್ನೊಂದು. ದ್ರವದೊಳಗೆ ಹೋಗಿ ಸುದ್ದಿ ತರುವ ಗೂಢಚಾರ ಎಂದೇ ಅವಳು ಅದನ್ನು ಹೊಗಳುತ್ತಿದ್ದಳು. ಜೇನಿಗೆ ಸ್ವಲ್ಪ ನೀರು ಹಾಕಿದಳು, ಬಣ್ಣ ಕದಲಲಿಲ್ಲ. ಇನ್ನೂ ಸ್ವಲ್ಪ ಹಾಕಿದಳು, ಕದಲಲಿಲ್ಲ. ಬೇಸಿಗೆಯಲ್ಲೂ ಚಳಿಯಲ್ಲೂ ಅಳೆದಳು, ಕಸುಬಿನಲ್ಲಿ ಸೋಮಾರಿತನ ಅವಳ ಹತ್ತಿರ ಸುಳಿಯುತ್ತಿರಲಿಲ್ಲ. ಕೊನೆಗೆ ವರದಿ ಕೊಟ್ಟಳು: ಇಷ್ಟು ನೀರು ಉಳಿದರೆ ಜೇನಿಗೆ ಏನೂ ಆಗುವುದಿಲ್ಲ, ಅಷ್ಟೊಂದು ಒಣಗಿಸುವ ಅಗತ್ಯವಿಲ್ಲ. ಸಣ್ಣ ಬಾಟಲಿಯಲ್ಲಿ ತಿರುಳು ಕರಗಿಸಿ ನೋಡಿದ್ದೂ ಸರಿಬಂತು. ಮೇಲಿನವರು ಕೈಕುಲುಕಿದರು. ಒಲೆಗಳ ಉರಿ ಇಳಿಯಿತು.

ಸಣ್ಣ ಬಾಟಲಿಯಲ್ಲಿ ನಡೆದದ್ದು ದೊಡ್ಡ ತೊಟ್ಟಿಯಲ್ಲಿ ನಡೆಯಲಿಲ್ಲ. ಅದೇ ಜೇನನ್ನು ಮತ್ತೆ ಮತ್ತೆ ಬಳಸುತ್ತ ಹೋದ ಹಾಗೆ ತಿರುಳು ಪೂರ್ತಿ ಕರಗದೆ ಗಂಟುಗಂಟಾಯಿತು. ನೂಲು ಹೊರಬರುವಾಗಲೇ ಪಟಪಟನೆ ಹರಿಯತೊಡಗಿತು. ಒಂದು ದಿನ ಇಡೀ ತೊಟ್ಟಿ ಗಂಜಿಯಂತೆ ಹೆಪ್ಪುಗಟ್ಟಿ ಕೂತಿತು. ನೂಲಿನ ಮೇಷ್ಟ್ರು ತಮಾಷೆಯನ್ನೆಲ್ಲ ಮರೆತು ಪ್ರಯೋಗಾಲಯದ ಬಾಗಿಲಲ್ಲಿ ಬಂದು ನಿಂತ.

“ಮೇಡಂ, ನೀವು ಹೇಳಿದಷ್ಟೇ ನೀರು. ಒಂದು ಹನಿ ಹೆಚ್ಚಿಲ್ಲ. ಏನಾಯ್ತು?”

ಅವಳು ಮತ್ತೆ ಕೆಂಪು ಬಣ್ಣ ಹಾಕಿ ನೋಡಿದಳು. ಚೆನ್ನಾಗಿದ್ದೀನಿ ಎಂದಿತು ಬಣ್ಣ. ತೊಟ್ಟಿ ನೋಡಿದರೆ ಗಂಜಿ. ಎರಡು ದಿನ ಅವಳು ಅನ್ನ ನೀರು ಮುಟ್ಟದೆ ಯೋಚಿಸಿದಳು. ಮೂರನೆಯ ದಿನ ಯಾವ ಆಸೆಯೂ ಇಲ್ಲದೆ, ಕಪಾಟಿನ ಹಿಂದೆ ಬಿದ್ದಿದ್ದ ಬೇರೊಂದು ಬಣ್ಣದ ಶೀಶೆ ತೆಗೆದಳು. ಅದು ಬಾಲಗಳ ಕಡೆ ಹೋಗುವ ಜಾತಿಯದಲ್ಲ. ಪ್ಲಸ್ಸು ಮೈನಸ್ಸು ಇರುವ ಕಡೆ, ನೀರು ಇರುವ ಕಡೆ ಹೋಗಿ ನಿಲ್ಲುವಂಥದ್ದು. ಅದನ್ನು ಅದೇ ಬಾಟಲಿಗೆ ಹಾಕಿದಳು. ಒಂದು ಹನಿ ನೀರಿಗೇ ಬಣ್ಣ ಸರಿಯಿತು. ಎರಡನೆಯ ಹನಿಗೆ ಇನ್ನಷ್ಟು ಸರಿಯಿತು.

ಆಗ ಅವಳಿಗೆ ಕಾಲಿನ ಕೆಳಗಿನ ನೆಲ ಕುಸಿದಂತಾಯಿತು. ಕೆಂಪು ಬಣ್ಣ ಎಣ್ಣೆಯ ಸ್ವಭಾವದ್ದು. ಒಳಗೆ ಹೋದ ಕೂಡಲೇ ಅದು ಬಾಲಗಳ ಗುಂಪಿನಲ್ಲಿ ಬೆಚ್ಚಗೆ ಜಾಗ ಹಿಡಿದು ಕೂತಿತ್ತು. ನೀರು ಆ ಕಡೆ ಸುಳಿದೇ ಇರಲಿಲ್ಲ. ನೀರೆಲ್ಲ ಅತ್ತ ಮೈನಸ್ ಕಣಗಳನ್ನು ಒಂದೊಂದಾಗಿ ಹಿಡಿದುಕೊಂಡು, ತಿರುಳಿಗೆ ಹಿಡಿಯಲು ಕೈಯೇ ಉಳಿಯದ ಹಾಗೆ ಮಾಡಿತ್ತು. ತಿರುಳು ಕರಗುವುದೇ ಆ ಕೈಗಳನ್ನು ಹಿಡಿದು. ಸಣ್ಣ ಬಾಟಲಿಯಲ್ಲಿ ಹಾಕಿದ್ದು ಚಿಟಿಕೆ ತಿರುಳು, ಅದಕ್ಕೆ ಅಳಿದುಳಿದ ಕೈಗಳೇ ಸಾಕಾಗಿದ್ದವು. ಬಣ್ಣ ಸುಳ್ಳು ಹೇಳಿರಲಿಲ್ಲ. ತಾನು ಕೂತ ಮೂಲೆಯ ಸುದ್ದಿಯನ್ನು ಪ್ರಾಮಾಣಿಕವಾಗಿ ಹೇಳಿತ್ತು. ಅದನ್ನೇ ಇಡೀ ಬಾಟಲಿಯ ಸುದ್ದಿ ಎಂದುಕೊಂಡವಳು ತಾನು.

ಮಾರನೆಯ ದಿನ ಸಭೆಯಲ್ಲಿ ಎದ್ದು ನಿಂತು, “ತಪ್ಪು ನನ್ನದು. ನಾನು ಒಂದೇ ಬಣ್ಣವನ್ನ ಕೇಳಿದೆ,” ಎಂದಳು. ಯಾರೂ ಬೈಯಲಿಲ್ಲ. ತಪ್ಪು ಒಪ್ಪಿಕೊಳ್ಳುವ ದೊಡ್ಡ ಮನಸ್ಸು ಎಂದು ಹೊಗಳಿದರು ಬೇರೆ. ಒಲೆಗಳ ಉರಿ ಮತ್ತೆ ಏರಿತು, ಜೇನು ಒಣಗಿತು, ಹೊಸ ತಿರುಳು ಕರಗಿತು, ತಿಂಗಳೊಳಗೆ ನೂಲು ಮೊದಲಿನ ಹಾಗೆ ಬರತೊಡಗಿತು. ಕಾರ್ಖಾನೆಯ ತಪ್ಪಿನಲ್ಲಿ ಇದೊಂದು ಸುಖವಿದೆ. ಹಾಳಾದದ್ದನ್ನು ಚೆಲ್ಲಿ, ತೊಟ್ಟಿ ತೊಳೆದು, ಮತ್ತೆ ಮೊದಲಿನಿಂದ ಶುರುಮಾಡಬಹುದು.

ಆ ಸಭೆ ಮುಗಿದ ಸಂಜೆ ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಹುಡುಗಿ ಆಗಲೇ ದೊಡ್ಡವಳಾಗಿ, ಮಕ್ಕಳಿಗೆ ಈಜು ಕಲಿಸುವ ಕೆಲಸ ಹಿಡಿದು, ಊರಿನ ಆ ತುದಿಯಲ್ಲಿ ಗೆಳತಿಯರ ಜೊತೆ ಮನೆ ಮಾಡಿಕೊಂಡಿದ್ದಳು. ವಾರಕ್ಕೊಮ್ಮೆ ಬಂದು, ಅಪ್ಪನ ಜೊತೆ ಹರಟೆ ಹೊಡೆದು, ಚಿಕ್ಕಮ್ಮನ ಅಡುಗೆಯನ್ನು ತಪ್ಪದೆ ಹೊಗಳಿ ಹೋಗುತ್ತಿದ್ದಳು. ಗಂಡ ಎಲ್ಲವನ್ನೂ ಕೇಳಿಸಿಕೊಂಡು, ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸುತ್ತ ಕೂತ. ಅವಳ ಬಾಯಿಂದ ಅಭ್ಯಾಸಬಲದಲ್ಲಿ ಅದೇ ಪ್ರಶ್ನೆ ಬಂತು.

“ರೀ, ಹುಡುಗಿ ಹೇಗಿದ್ದಾಳೆ?”

“ಚೆನ್ನಾಗಿದ್ದಾಳೆ.”

ಆ ಉತ್ತರ ಕೇಳಿದಾಗ ಅವಳ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. ಇಷ್ಟು ವರ್ಷ ತಾನು ಕೇಳಿದ್ದು ಯಾರನ್ನು? ಯಾರ ಪಕ್ಕದಲ್ಲಿ ಕೂತವನನ್ನು? ಅವನ ಮಗ್ಗುಲಲ್ಲಿ ಹುಡುಗಿ ಬೆಚ್ಚಗೇ ಇರುತ್ತಿದ್ದಳು, ಅವನು ಬೇರೆ ಏನು ತಾನೇ ಹೇಳಬಲ್ಲ? ಹುಡುಗಿಯನ್ನೇ ಒಮ್ಮೆಯೂ ಕೇಳಲಿಲ್ಲವಲ್ಲ! ಪ್ರಯೋಗಾಲಯದಲ್ಲಿ ನೆಲ ಕುಸಿದದ್ದಕ್ಕಿಂತ ಇದು ಆಳವಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ.

ಬುದ್ಧಿ ಬಂದ ಮೇಲಾದರೂ ತಕ್ಷಣ ಓಡಬೇಕಿತ್ತು. ಓಡಲಿಲ್ಲ. ಮುಂದಿನ ವಾರ ಬಂದಾಗ ಕೇಳೋಣ ಎಂದುಕೊಂಡಳು. ಮುಂದಿನ ವಾರ ಹುಡುಗಿ ನಗುನಗುತ್ತ ಬಂದಿದ್ದಳು, ಅಪ್ಪ ಮಗಳು ಯಾವುದೋ ಹಳೆಯ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದರು, ಅದರ ನಡುವೆ ಹೇಗೆ ಕೇಳುವುದು? ಅದರ ಮುಂದಿನ ವಾರ ಇವಳಿಗೇ ಧೈರ್ಯ ಬರಲಿಲ್ಲ. ಚಳಿಗಾಲದ ಒಂದು ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದ ಗಂಡ ಎದೆ ಹಿಡಿದುಕೊಂಡು ಕುಸಿದ. ಔಷಧಿ ಅಂಗಡಿಯವನು ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಪ್ಪ ಹೋದ ಮೇಲೆ ಹುಡುಗಿ ಬರುವುದನ್ನು ನಿಲ್ಲಿಸಲಿಲ್ಲ, ಹಾಗೆ ಹೇಳಿದರೆ ಅನ್ಯಾಯವಾಗುತ್ತದೆ. ಫೋನ್ ಮಾಡಿ, “ಚಿಕ್ಕಮ್ಮ, ಏನಾದ್ರೂ ಬೇಕಾ?” ಎಂದು ಕೇಳುತ್ತಿದ್ದಳು. ಬಲ್ಬ್ ಹೋದರೆ ಬಂದು ಹಾಕಿಕೊಡುತ್ತಿದ್ದಳು. ಬಂದಾಗ ಕುರ್ಚಿಯ ಅಂಚಿನಲ್ಲಿ ಕೂತು, ಚಹಾ ಕುಡಿದು, ಲೋಟವನ್ನು ತಾನೇ ತೊಳೆದಿಟ್ಟು ಹೊರಡುತ್ತಿದ್ದಳು. ನಡುವೆ ನಿಂತು ಇಬ್ಬರ ಕೈಯನ್ನೂ ಹಿಡಿದಿದ್ದವನು ಇಲ್ಲವಾಗಿದ್ದ. ಹುಡುಗಿ ಹೋದ ಮೇಲೆ ಬಣ್ಣದ ಮೇಡಂ ಆ ತೊಳೆದಿಟ್ಟ ಲೋಟವನ್ನು ಕೈಯಲ್ಲಿ ಹಿಡಿದು ಕೂತುಬಿಡುತ್ತಿದ್ದಳು. ಈಗಲಾದರೂ ಕೇಳದಿದ್ದರೆ ಈ ಹುಡುಗಿ ಒಂದು ದಿನ ಹೀಗೇ ಲೋಟ ತೊಳೆದಿಟ್ಟು ಪೂರ್ತಿಯಾಗಿ ಹೊರಟುಹೋಗುತ್ತಾಳೆ ಎಂದು ಅವಳಿಗೆ ಖಾತ್ರಿಯಾಯಿತು.

ಮುಂದಿನ ಚಳಿಗಾಲದಲ್ಲಿ ಅಂಗಡಿಯನ್ನು ಖಾಲಿಮಾಡಿ ಬಾಡಿಗೆಯವರಿಗೆ ಬಿಟ್ಟುಕೊಡುವ ದಿನ ಬಂತು. ಈಜುಕೊಳದ ಪಾಠ ಮುಗಿಸಿ ಹುಡುಗಿ ನೇರವಾಗಿ ಅಲ್ಲಿಗೇ ಬಂದಳು. ಇಬ್ಬರೂ ಸೇರಿ ಕನ್ನಡಕದ ಚೌಕಟ್ಟುಗಳನ್ನು ಪೆಟ್ಟಿಗೆಗೆ ತುಂಬಿದರು, ಮಸೂರ ಉಜ್ಜುವ ಸಣ್ಣ ಯಂತ್ರಕ್ಕೆ ಬಟ್ಟೆ ಸುತ್ತಿ ಪೆಟ್ಟಿಗೆಯಲ್ಲಿಟ್ಟರು, ಕನ್ನಡಿಗಳನ್ನು ಗೋಡೆಯಿಂದ ಇಳಿಸಿದರು. ಕೆಲಸ ಮಾಡುವಾಗ ಹುಡುಗಿಯ ಕೈ ಅಪ್ಪನ ಕೈಯ ಹಾಗೇ ಓಡುತ್ತಿತ್ತು. ಕಪಾಟುಗಳು ಖಾಲಿಯಾದ ಮೇಲೆ ಅಂಗಡಿಯಲ್ಲಿ ಮಾತಾಡಿದರೆ ದನಿ ಮೊಳಗುವಂತಾಯಿತು. ಬಣ್ಣದ ಮೇಡಂ ಸ್ಟೂಲಿನ ಮೇಲೆ ಕೂತಳು.

“ಒಂದು ಮಾತು ಕೇಳ್ಬೇಕು. ನಮ್ಮನೇಲಿ ನೀನು ಹೇಗಿದ್ದೆ?”

“ಈಗ್ಯಾಕೆ ಚಿಕ್ಕಮ್ಮ ಅದೆಲ್ಲ?”

“ಆಗ್ಲೇ ಕೇಳ್ಬೇಕಿತ್ತು. ಕೇಳಲಿಲ್ಲ. ಈಗ ಕೇಳ್ತಿದೀನಿ.”

“ಚೆನ್ನಾಗಿದ್ದೆ.”

“ಅದು ನಿಮ್ಮಪ್ಪನ ಉತ್ತರ ಕಣಮ್ಮ. ನಿನ್ನದು ಹೇಳು.”

ಹುಡುಗಿ ಪೆಟ್ಟಿಗೆಗೆ ಅಂಟು ಪಟ್ಟಿ ಹಚ್ಚುತ್ತಿದ್ದವಳು ನಿಂತಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿರುತ್ತಿತ್ತು.

“ನೀವು ನನ್ನ ಒಂದಿನಾನೂ ಬೈಲಿಲ್ಲ ಚಿಕ್ಕಮ್ಮ,” ಎಂದಳು. “ನನ್ನ ಗೆಳತಿಯರ ಅಮ್ಮಂದಿರು ಬೀದಿಗೆ ಕೇಳೋ ಹಾಗೆ ಬೈತಿದ್ರು. ಮಾರನೇ ದಿನ ಅವರೆಲ್ಲ ಗುಂಪಾಗಿ ಕೂತು, ನಮ್ಮಮ್ಮ ಹೀಗಂದ್ಲು, ನಮ್ಮಮ್ಮ ಹಾಗಂದ್ಲು ಅಂತ ನಗೋರು. ನನ್ನ ಹತ್ರ ಹೇಳೋಕೆ ಏನೂ ಇರ್ತಿರಲಿಲ್ಲ. ಒಂದ್ಸಲ ನಾನೇ ಸುಳ್ಳು ಹೇಳಿದೆ, ನಮ್ಮ ಚಿಕ್ಕಮ್ಮನೂ ನಿನ್ನೆ ಚೆನ್ನಾಗಿ ಬೈದ್ರು ಅಂತ. ಯಾರೂ ನಗಲಿಲ್ಲ. ಪಾಪ ಅಂದ್ರು. ಆಮೇಲೆ ಹೇಳೋದು ಬಿಟ್ಟೆ.”

ಬಣ್ಣದ ಮೇಡಂ ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡಳು.

“ಮನೆಗೆ ಬಂದ ನೆಂಟರ ಮಕ್ಕಳನ್ನ ಯಾರೂ ಬೈಯಲ್ಲ ಅಲ್ವಾ? ನಾನು ಹಾಗೇ ಅಂದ್ಕೊಂಡೆ. ಹುಷಾರಾಗಿರಬೇಕು, ಏನೂ ಒಡೀಬಾರದು, ಹೆಚ್ಚು ಕೇಳಬಾರದು ಅಂತ. ಅಪ್ಪನ ಹತ್ರ ಮಾತ್ರ ನಾನು ನಾನಾಗಿರ್ತಿದ್ದೆ. ಅಪ್ಪ ಕೇಳೋರು, ಚಿಕ್ಕಮ್ಮನ ಜೊತೆ ಹೊಂದ್ಕೊಂಡಿದೀಯ ತಾನೇ ಅಂತ. ಹೂಂ ಅಂತಿದ್ದೆ. ಅವರ ಮುಖ ನೋಡಿ ಇನ್ನೇನು ಹೇಳ್ಲಿ?”

“ನನಗೆ ಹೆದರಿಕೆ ಕಣೇ,” ಎಂದಳು ಇವಳು. “ಮಲತಾಯಿ ಅಂದುಬಿಟ್ಟರೆ ಅಂತ ಹೆದರಿಕೆ. ನೀನು ಬೇಡ ಅಂತ ಅಲ್ಲ. ನೀನು ಬೇಕು ಅಂತಲೇ ಬಾಯಿ ಮುಚ್ಕೊಂಡಿದ್ದೆ. ಎಷ್ಟು ಸಲ ಬೈಗುಳ ಗಂಟಲ ತನಕ ಬಂದು ನುಂಗಿದೀನಿ ಗೊತ್ತಾ?”

“ಈಗ ಗೊತ್ತಾಗುತ್ತೆ. ನಾನೂ ಬೇರೆಯವರ ಮಕ್ಕಳನ್ನ ನೀರಿಗೆ ಇಳಿಸೋಳಲ್ವಾ. ಗದರದೇ ಇದ್ರೆ ಅವು ನನ್ನ ನಂಬೋದೇ ಇಲ್ಲ,” ಎಂದು ಹುಡುಗಿ ನಕ್ಕಳು. ಆಮೇಲೆ ಮೆಲ್ಲಗೆ ಹೇಳಿದಳು. “ಆಗ ಗೊತ್ತಿರಲಿಲ್ಲ ಚಿಕ್ಕಮ್ಮ. ಚಿಕ್ಕವಳಲ್ವಾ.”

ಅವಳು ಬಂದು ಇವಳ ಹೆಗಲ ಮೇಲೆ ಕೈಯಿಟ್ಟಳು. ಕಲಿಯಲು ಬಂದ ಮಗುವಿನ ಅಜ್ಜಿಯನ್ನು ಸಮಾಧಾನ ಮಾಡುವ ಹಾಗೆ ಎರಡು ಸಲ ತಟ್ಟಿದಳು. ಅಪ್ಪನ ಯಂತ್ರವಿದ್ದ ಪೆಟ್ಟಿಗೆಯನ್ನು ಎತ್ತಿ ಸೊಂಟಕ್ಕೆ ಆನಿಸಿಕೊಂಡಳು. ಇಷ್ಟು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಈಗಲಾದರೂ ಹೊರಬರಲಿ ಎಂದು ಬಣ್ಣದ ಮೇಡಂ ಎದ್ದು ನಿಂತಳು. ಹುಡುಗಿಯ ಕೂದಲಿಂದ ಇನ್ನೂ ಈಜುಕೊಳದ ನೀರು ಇಳಿದು ಅಂಗಿಯ ಬೆನ್ನು ಒದ್ದೆಯಾಗಿತ್ತು. ಹೊರಗೆ ಬೀದಿಯಲ್ಲಿ ಗಾಳಿ ಕೊರೆಯುತ್ತಿತ್ತು.

“ಏಯ್, ನಿಲ್ಲೇ ಅಲ್ಲಿ! ಬುದ್ಧಿ ಎಲ್ಲಿಟ್ಟಿದ್ದೀಯ?” ಬೀದಿಗೆ ಕೇಳುವ ಹಾಗೆ ಕೂಗಿದಳು. “ಈ ಚಳೀಲಿ ಒದ್ದೆ ತಲೆ ಬಿಟ್ಕೊಂಡು ಹೋಗೋದಾ? ನೆಗಡಿ ಹಿಡಿದು ಮಲಗಿದ್ರೆ ನೋಡೋರು ಯಾರು? ಕತ್ತೆ ವಯಸ್ಸಾಯ್ತು, ತಲೆ ಒರೆಸ್ಕೊಳ್ಳೋಕೂ ಹೇಳಿಕೊಡ್ಬೇಕಾ?”

ಚಪ್ಪಲಿ ಅಂಗಡಿಯವನು ತಿರುಗಿ ನೋಡಿದ. ಹುಡುಗಿ ಬಾಗಿಲಲ್ಲಿ ನಿಂತಳು. ಪೆಟ್ಟಿಗೆ ಕೆಳಗಿಟ್ಟು, ಚೀಲದಿಂದ ಟವಲು ತೆಗೆದು, ವಿಧೇಯಳಾಗಿ ತಲೆ ಒರೆಸಿಕೊಂಡಳು. ಟವಲನ್ನು ಮಡಿಸಿ ಒಳಗಿಟ್ಟಳು. ಮತ್ತೆ ಪೆಟ್ಟಿಗೆ ಎತ್ತಿಕೊಂಡು, ತುಂಬ ಪ್ರೀತಿಯಿಂದಲೇ ನಕ್ಕು, ನೆಂಟರ ಮನೆಯಿಂದ ಹೊರಡುವವಳ ಹಾಗೆ “ಥ್ಯಾಂಕ್ಸ್ ಚಿಕ್ಕಮ್ಮ,” ಎಂದು ಹೇಳಿ ಬೀದಿಗಿಳಿದಳು.